ತಂಬೂರಿಯವನೂ ಅಕ್ಕೋರ ಕೆಮ್ಮೂ

ಲಿಂಗಸುಗೂರಿನ ಸಂಗೀತ ಪಾಠಶಾಲೆಗೆ ಹೊಸದಾಗಿ ಸೇರಿದ ಇಬ್ಬರು ಈಚೆಗೆ ನಮ್ಮ ಮನೆಗೆ ಬಂದು, "ತಂಬೂರಿ ಹಿಡಿಯೋದರಾಗ ಕಲಿಯೋದು ಏನೈತ್ರೀ ಸರ?" ಎಂದು ಕೇಳಿದರು. ಪ್ರಶ್ನೆ ಅವಮಾನಕರವಾಗಿತ್ತು, ಉತ್ತರ ಉದ್ದವಾಗಿತ್ತು, ಅವರ ಬಸ್ಸಿನ ವೇಳೆ ಆಗಿತ್ತು. ಆದ್ದರಿಂದ ಬರೆಯಲು ಕುಳಿತಿದ್ದೇನೆ.

ನಾನು ಮಸ್ಕಿಯ ಅಮರೇಶ. ಅದೇ ಪಾಠಶಾಲೆಯಲ್ಲಿ ಮೂವತ್ತಾರು ವರ್ಷ ತಂಬೂರಿ ವಾದಕನಾಗಿದ್ದೆ. ಹಾಡುವವರ ಬೆನ್ನ ಹಿಂದೆ ಕುಳಿತು ನಾಲ್ಕು ತಂತಿಗಳನ್ನು ಒಂದಾದ ಮೇಲೊಂದು ಮೀಟುವುದು ಕೆಲಸ. ನಾಲ್ಕು ಮುಗಿದ ಮೇಲೆ ಮತ್ತೆ ಮೊದಲಿನಿಂದ. ಬಡ್ತಿಯ ವಿಷಯ ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತೇನೆ: ಸೇರಿದಾಗ ಗಾಯಕರ ಎಡಗಡೆಯ ತಂಬೂರಿ ಹಿಡಿದಿದ್ದೆ, ನಿವೃತ್ತನಾಗುವಾಗ ಬಲಗಡೆಯದು.

ನನ್ನ ಫೋಟೋಗಳು ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ತಾಲೂಕಿನ ಅನೇಕ ಮನೆಗಳ ಗೋಡೆಯ ಮೇಲೆ ಇವೆ. ಎಲ್ಲವುಗಳಲ್ಲಿಯೂ ಗಾಯಕರ ಭುಜದ ಮೇಲಿಂದ ನನ್ನ ಒಂದು ಕಿವಿ ಕಾಣುತ್ತದೆ. ನನ್ನ ಮಗಳು ಆ ಕಿವಿಯನ್ನು ದೂರದಿಂದಲೇ ಗುರುತಿಸುತ್ತಾಳೆ.

ನಾನು ಹೋಗಿದ್ದು ಹಾಡು ಕಲಿಯಲು. ಪಾಠಶಾಲೆಯ ಮುಖ್ಯಸ್ಥರೂ ಆಗಿದ್ದ ನಮ್ಮ ಗುರುಗಳು ಎರಡು ತಿಂಗಳು ನನ್ನ ಧ್ವನಿಯನ್ನು ಸಹಿಸಿಕೊಂಡರು. ಮೂರನೆಯ ತಿಂಗಳು ಕರೆದು ಹೇಳಿದರು: "ಲೇ ಅಮರ್ಯಾ, ನಿನ್ನ ಕಿವಿ ದೇವರು ಮಾಡ್ಯಾನ. ಗಂಟಲ ಮಾತ್ರ ಯಾರೋ ಬ್ಯಾರೆಯವರು ಮಾಡ್ಯಾರ." ಅಂದೇ ಕೈಗೆ ತಂಬೂರಿ ಕೊಟ್ಟರು.

ಕೊಟ್ಟರೆಂದರೆ ಮೀಟಲು ಕೊಟ್ಟರು ಎಂದುಕೊಳ್ಳಬೇಡಿ. ಬುರುಡೆಯ ಮೇಲೆ ತಂತಿಗಳನ್ನು ಹೊತ್ತು ನಿಂತ ಕುದುರೆಯೆಂಬ ಪಟ್ಟಿಗೂ ತಂತಿಗೂ ನಡುವೆ ಒಂದೊಂದು ಎಳೆ ನೂಲು ಸಿಕ್ಕಿಸುತ್ತಾರೆ. ಅದಕ್ಕೆ ಜೀವಾಳವೆಂದು ಹೆಸರು. ಕೂದಲೆಳೆಯಷ್ಟು ಆಚೀಚೆ ಆದರೆ ತಂತಿ ತಗಡು ಬಡಿದಂತೆ ಸದ್ದು ಮಾಡಿ ಸುಮ್ಮನಾಗುತ್ತದೆ. ಸರಿಯಾದ ಜಾಗದಲ್ಲಿ ಕುಳಿತರೆ ಒಂದೇ ಮೀಟಿಗೆ ಒಳಗಿಂದ ಬೇರೆ ಬೇರೆ ಸ್ವರಗಳು ಎದ್ದು ಬಂದು ಬಹಳ ಹೊತ್ತು ನಿಲ್ಲುತ್ತವೆ. ಆ ಜಾಗ ಹುಡುಕಲು ಗುರುಗಳು ನನಗೆ ಮೂರು ತಿಂಗಳು ಕೊಟ್ಟರು. ನೂಲಿಗಾಗಿ ನನ್ನ ಧೋತರದ ಅಂಚು ಎಳೆ ಎಳೆಯಾಗಿ ಕರಗಿತು. "ನಿಮ್ಮ ಸಂಗೀತ ಬರೋದರೊಳಗ ಧೋತರ ಹೋಗ್ತೈತಿ ನೋಡ್ರಿ" ಎಂದು ನನ್ನಾಕೆ ಎಚ್ಚರಿಸಿದಳು. ಎರಡೂ ಒಂದೇ ವಾರದಲ್ಲಿ ಆದವು.

ಸಿಂಧನೂರಿನ ಹತ್ತಿರ ಬಂಗಾಳಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನಲ್ಲಿ ಒಮ್ಮೆ ಕಾರ್ಯಕ್ರಮಕ್ಕೆ ಮೊದಲು ಶ್ರುತಿ ಮಾಡುತ್ತ ಕುಳಿತಿದ್ದೆ. ಕೈಯಲ್ಲಿ ಏಕತಾರಿ ಹಿಡಿದ ಬಂಗಾಳಿ ಮುದುಕರೊಬ್ಬರು ಎದುರಿಗೆ ಕುಕ್ಕರಗಾಲಲ್ಲಿ ಕುಳಿತು ಅರ್ಧ ಗಂಟೆ ನೋಡಿದರು. ಕೊನೆಗೆ, "ನಾ ಒಂದು ತಂತಿ ಸರಿ ಮಾಡೋದಕ್ಕ ಮುದುಕ ಆದೆ. ನೀ ನಾಕು ಇಟ್ಟೀಯಲ್ಲಪ್ಪ, ಧೈರ್ಯ ಅದ ನಿನಗ" ಎಂದು ಎದ್ದುಹೋದರು. ನನ್ನ ಕೆಲಸದ ಬಗ್ಗೆ ನನಗೆ ಸಿಕ್ಕ ಮೊದಲ ಪ್ರಮಾಣಪತ್ರ ಅದು. ಸಹಿ ಇರಲಿಲ್ಲ.

ತಪ್ಪುಗಳನ್ನೂ ಹೇಳಬೇಕು, ಇಲ್ಲದಿದ್ದರೆ ಹೊಸಬರು ನಂಬುವುದಿಲ್ಲ. ಬಳಗಾನೂರಿನಲ್ಲಿ ಮಧ್ಯಾಹ್ನದ ಕಾರ್ಯಕ್ರಮ. ಕಾಲುವೆ ಸೀಮೆಯ ಊಟ ಎಂದರೆ ಹೊಸ ಅಕ್ಕಿಯ ಅನ್ನ, ಅದರ ಮೇಲೆ ತುಪ್ಪ, ಅದರ ಮೇಲೆ ಒತ್ತಾಯ. ಉಂಡು ವೇದಿಕೆ ಹತ್ತಿದೆ. ತಂಬೂರಿಯವನ ಕೈ ಒಂದು ಸಲ ನಡೆಯತೊಡಗಿತು ಎಂದರೆ ಅದಕ್ಕೆ ಯಜಮಾನನ ಅವಶ್ಯಕತೆ ಇರುವುದಿಲ್ಲ. ಕೈ ಮೀಟುತ್ತಲೇ ಇತ್ತು, ನಾನು ನಿದ್ದೆಹೋಗಿಬಿಟ್ಟಿದ್ದೆ. ಕಣ್ಣು ತೆರೆದಾಗ ಗಾಯಕರೂ ಇಲ್ಲ, ತಬಲಾದವನೂ ಇಲ್ಲ. ಊರ ಹಿರಿಯರೊಬ್ಬರು ವಂದನಾರ್ಪಣೆ ಮಾಡುತ್ತಿದ್ದರು, ನಾನು ಅವರಿಗೆ ಶ್ರುತಿ ಕೊಡುತ್ತಿದ್ದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಇಷ್ಟು ದಿನ ಭಾಷಣ ಮಾಡೀನಿ, ಇವತ್ತ ಛಂದ ಬಂತು ನೋಡ್ರಿ" ಎಂದು ಬೆನ್ನು ತಟ್ಟಿದರು. ಗುರುಗಳು ಬೇರೆ ಕಡೆ ತಟ್ಟಿದರು.

ಬಸ್ಸಿನ ಪ್ರಯಾಣವೂ ಈ ವೃತ್ತಿಯ ಒಂದು ಶಾಸ್ತ್ರ. ತಂಬೂರಿಗೆ ಕಿಟಕಿಯ ಸೀಟು, ನನಗೆ ಕಂಬ. ಹೆಣ್ಣುಮಕ್ಕಳಿಗೆ ಟಿಕೀಟು ಇಲ್ಲವೆಂದು ಆದ ಮೇಲೆ ಸಿಂಧನೂರು ಬಸ್ಸಿನ ಕಂಡಕ್ಟರ್ ಒಬ್ಬ, "ಸಾಹೇಬ್ರ, ಇದು ಹೆಣ್ಣಾದ್ರ ಫ್ರೀ, ಗಂಡಾದ್ರ ಲಗೇಜು" ಎಂದ. ತಂಬೂರಿಯಲ್ಲಿ ನಿಜವಾಗಿಯೂ ಗಂಡು ಹೆಣ್ಣು ಉಂಟು. ಗಂಡಸರ ಧ್ವನಿಗೆ ದೊಡ್ಡದು, ಹೆಂಗಸರ ಧ್ವನಿಗೆ ಚಿಕ್ಕದು. ನನ್ನ ಬಳಿ ಇದ್ದದ್ದು ಹೆಣ್ಣು ತಂಬೂರಿ ಎಂದು ಶಾಸ್ತ್ರಸಮ್ಮತವಾಗಿ ವಿವರಿಸಿದೆ. ಅವನು ಶ್ರದ್ಧೆಯಿಂದ ಕೇಳಿ, ಇದರ ಆಧಾರ್ ಕಾರ್ಡು ತೋರಿಸಿರೆಂದ.

ಇದಕ್ಕೆ ಎಷ್ಟೋ ವರ್ಷ ಮೊದಲೇ ಡಬ್ಬಿ ಬಂದಿತ್ತು. ಹೊಸಬರಿಗೆ ಡಬ್ಬಿಯೇ ಗೊತ್ತು, ಈಗ ಅದೂ ಹೋಗಿ ಫೋನಿನೊಳಗೆ ಸೇರಿಕೊಂಡಿದೆ. ತಿರುಗುಣಿ ತಿರುಗಿಸಿದರೆ ಸಾಕು, ವಿದ್ಯುತ್ತಿನಿಂದ ತಂಬೂರಿಯ ನಾದ ಹೊರಡುತ್ತದೆ. ಗುರುಗಳ ನಂತರ ಬಂದ ಮುಖ್ಯಸ್ಥರು ಅದನ್ನು ಮೇಜಿನ ಮೇಲಿಟ್ಟು, "ಅಮರೇಶ, ಇದಕ್ಕ ಊಟ ಬ್ಯಾಡ, ನಿದ್ದಿ ಬರಂಗಿಲ್ಲ" ಎಂದು ನನ್ನ ಮುಖ ನೋಡಿದರು. ಬಳಗಾನೂರಿನ ಸುದ್ದಿ ಅವರಿಗೂ ತಲುಪಿತ್ತು. ಅಂದಿನಿಂದ ಕಾರ್ಯಕ್ರಮಗಳಿಗೆ ನನ್ನನ್ನು ಕರೆಯುವುದು ಕಡಿಮೆಯಾಯಿತು. ಕರೆಯುವುದನ್ನು ಬಿಡದವರು ಒಬ್ಬರೇ, ನೀಲಮ್ಮ ಅಕ್ಕೋರು.

ಅಕ್ಕೋರು ಲಿಂಗಸುಗೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದರು. ನಮ್ಮ ಗುರುಗಳ ಶಿಷ್ಯರಲ್ಲಿ ಎಲ್ಲರಿಗಿಂತ ದೊಡ್ಡ ವಿದ್ಯೆ ಅವರದು. ಅವರಿಗೆ ಒಂದೇ ಹಂಬಲ: ತೋಡಿ ರಾಗವನ್ನು ಒಮ್ಮೆಯಾದರೂ ಜನರ ಮುಂದೆ ಪೂರ್ತಿ ಹಾಡಬೇಕು. ಮನೆಯಲ್ಲಿ ಇಪ್ಪತ್ತು ವರ್ಷದಿಂದ ಹಾಡುತ್ತಿದ್ದರು, ವೇದಿಕೆಯ ಮೇಲೆ ಅರ್ಧಕ್ಕಿಂತ ಮುಂದೆ ಹೋಗಿರಲಿಲ್ಲ. ರಾಗ ನಿಧಾನವಾಗಿ ಬಿಚ್ಚಿಕೊಳ್ಳುವಷ್ಟರಲ್ಲಿ ಮುಂದಿನ ಸಾಲಿನಿಂದ ಯಾರಾದರೂ, "ಅಕ್ಕೋರ, ಇದು ಸಾಕ್ರಿ, ಆ ಭಜನಿ ಹಾಡ್ರಿ" ಎನ್ನುವರು. ಅಕ್ಕೋರು ಒಲ್ಲೆನ್ನುವವರಲ್ಲ. ತೋಡಿಯನ್ನು ಮಡಚಿಟ್ಟು ಭಜನೆ ಎತ್ತಿಕೊಳ್ಳುವರು.

ಈ ಕಾಟಕ್ಕೆ ಅವರು ಒಂದು ಉಪಾಯ ಮಾಡಿಕೊಂಡಿದ್ದರು. ಏನು ಹಾಡುತ್ತೇನೆಂದು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಕುಳಿತ ಮೇಲೆ ಜನರ ಮುಖ ನೋಡಿ ರಾಗ ಗೊತ್ತು ಮಾಡುವರು. ಆದರೆ ತಂಬೂರಿಯವನಿಗೆ ತಿಳಿಯಲೇಬೇಕು. ಮೂರು ತಂತಿಗಳು ಸದಾ ಷಡ್ಜದಲ್ಲೇ ಇರುತ್ತವೆ, ಮೊದಲನೆಯದನ್ನು ಮಾತ್ರ ರಾಗ ನೋಡಿ ಪಂಚಮಕ್ಕೋ ಮಧ್ಯಮಕ್ಕೋ ಇಡಬೇಕು. ಅದಕ್ಕೆ ನಮ್ಮಿಬ್ಬರ ನಡುವೆ ಒಂದು ಗುರುತು ಇತ್ತು. ಅಕ್ಕೋರು ಸೆರಗು ಬಾಯಿಗೆ ಹಿಡಿದು ಒಮ್ಮೆ ಕೆಮ್ಮಿದರೆ ಮಧ್ಯಮ, ಕೆಮ್ಮದಿದ್ದರೆ ಪಂಚಮ. ಹದಿನೈದು ವರ್ಷದಲ್ಲಿ ಈ ಏರ್ಪಾಡು ಒಮ್ಮೆಯೂ ಕೈ ಕೊಟ್ಟಿರಲಿಲ್ಲ. ತಬಲಾದವನಿಗೂ ತಿಳಿಯದ ಈ ವಿದ್ಯೆಯ ಬಗ್ಗೆ ನನಗೆ ಸಾಕಷ್ಟು ಗರ್ವವಿತ್ತು.

ಅಕ್ಕೋರು ನಿವೃತ್ತರಾಗುವ ವರ್ಷ ಹೈದರಾಬಾದಿನಿಂದ ಕರೆ ಬಂತು. ಅಲ್ಲಿನ ಒಂದು ಸಂಗೀತ ಸಭೆಯವರು ಏಳು ದಿನ, ಬೆಳಿಗ್ಗೆ ಸಂಜೆ ಎರಡೂ ಹೊತ್ತು, ಕಛೇರಿಗಳನ್ನು ಇಟ್ಟುಕೊಂಡಿದ್ದರು. ಯಾರದೋ ಫೋನಿನಲ್ಲಿ ಅಕ್ಕೋರ ಧ್ವನಿ ಕೇಳಿ, ನಾಲ್ಕನೆಯ ದಿನ ಬೆಳಿಗ್ಗೆ ಒಂದು ಗಂಟೆಯ ಅವಕಾಶ ಕೊಟ್ಟಿದ್ದರು. ಯಾವ ರಾಗವೆಂದು ಮೊದಲೇ ತಿಳಿಸಿರಿ, ಕಾರ್ಡಿನಲ್ಲಿ ಅಚ್ಚು ಹಾಕಿಸುತ್ತೇವೆ ಎಂದು ಬರೆದಿದ್ದರು. ಅಕ್ಕೋರು ‘ತೋಡಿ’ ಎಂದು ಬರೆದು ಕಳಿಸಿದರು. ಡಬ್ಬಿಯ ವ್ಯವಸ್ಥೆ ಇದೆ ಎಂದದ್ದಕ್ಕೆ, "ನಮ್ಮ ತಂಬೂರಿಯವರು ನನ್ನ ಜೋಡಿ ಬರ್ತಾರ" ಎಂದು ಫೋನಿನಲ್ಲೇ ಹೇಳಿದರು. ಹಾಗಾದರೆ ಏಳೂ ದಿನ ಎಲ್ಲರಿಗೂ ಅವರೇ ನುಡಿಸಲಿ ಎಂದು ಸಭೆಯವರು ಒಪ್ಪಿದರು.

"ಅಲ್ಲಿ ನಡಕ ಯಾರೂ ಭಜನಿ ಕೇಳಂಗಿಲ್ಲ ಅಲ್ಲೇನ್ರಿ, ಅಮರಣ್ಣ?" ಎಂದು ಅಕ್ಕೋರು ದಾರಿಯುದ್ದಕ್ಕೂ ಕೇಳುತ್ತಿದ್ದರು.

"ಕೇಳಂಗಿಲ್ರಿ ಅಕ್ಕೋರ. ಅಲ್ಲಿ ಮಂದಿ ದುಡ್ಡು ಕೊಟ್ಟು ಕುಂದ್ರತಾರ, ಬಾಯಿ ಮುಚ್ಚಿಕೊಂಡಿರತಾರ."

ಮೊದಲ ಮೂರು ದಿನ ನಾನು ದೊಡ್ಡ ದೊಡ್ಡವರ ಹಿಂದೆ ಕುಳಿತೆ. ಒಬ್ಬರು ನನ್ನನ್ನು ಸಭೆಯ ಜವಾನನೆಂದು ತಿಳಿದು ಚಹಾ ತರಲು ಹೇಳಿದರು. ತಂದುಕೊಟ್ಟು, ಅವರ ಹಿಂದೆಯೇ ಹೋಗಿ ತಂಬೂರಿ ಹಿಡಿದು ಕುಳಿತೆ. ಮೂರನೆಯ ಸಂಜೆ ಮಾತ್ರ ಒಬ್ಬ ಹಿರಿಯ ಗಾಯಕರು, ನಾನು ಮೊದಲ ಸುತ್ತು ಮೀಟಿದ ಕೂಡಲೇ ಹಾಡಲು ತೊಡಗುವುದನ್ನು ಬಿಟ್ಟು ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿದರು. ತಲೆಯಾಡಿಸಿ ತಿರುಗಿದರು. ಆ ನೋಟವನ್ನು ನಾನು ಪಿಂಚಣಿಯ ಕಾಗದಗಳ ಜೊತೆ ಇಡಬಹುದಾಗಿದ್ದರೆ ಇಡುತ್ತಿದ್ದೆ.

ಈ ಹೆಮ್ಮೆಯ ಮೇಲೆ ನಾಲ್ಕನೆಯ ದಿನ ಬೆಳಗಾಯಿತು.

ಆ ಸಭಾಂಗಣದಲ್ಲಿ ಥಂಡಿ ಯಂತ್ರ ಬಿಟ್ಟಿದ್ದರು. ರಾಯಚೂರು ಜಿಲ್ಲೆಯ ಬಿಸಿಲಲ್ಲಿ ಬೆಂದವರಿಗೆ ಅಂಥ ಚಳಿ ಪರಿಚಯವಿಲ್ಲ. ಪರದೆ ಇನ್ನೂ ಮುಚ್ಚಿತ್ತು. ತಂತಿಯನ್ನು ಪಂಚಮಕ್ಕೆ ಇಟ್ಟು ಕುಳಿತಿದ್ದೆ. ಡಬ್ಬಿಯೂ ಪಕ್ಕದಲ್ಲಿ ಪಂಚಮ ಹೇಳುತ್ತಿತ್ತು; ಸಭಾಂಗಣ ದೊಡ್ಡದೆಂದು ಎರಡನ್ನೂ ಇಟ್ಟಿದ್ದರು. ಹೊರಗೆ ನಿರೂಪಕರು ಅಕ್ಕೋರ ಪರಿಚಯ ಹೇಳುತ್ತಿದ್ದರು. ಆಗ ಅಕ್ಕೋರು ಸೆರಗು ಬಾಯಿಗೆ ಹಿಡಿದು ಒಮ್ಮೆ ಕೆಮ್ಮಿದರು.

ನಾನು ಕ್ಷಣವೂ ಯೋಚಿಸಲಿಲ್ಲ. ಅಕ್ಕೋರು ಮನಸ್ಸು ಬದಲಿಸಿದ್ದಾರೆ. ಮಧ್ಯಮ ಬೇಡುವ ಬೆಳಗಿನ ರಾಗವೆಂದರೆ ಲಲಿತ್. ಅದು ಸೂರ್ಯ ಹುಟ್ಟುವ ಮೊದಲು ಹಾಡುವ ರಾಗ, ಈಗ ಗಂಟೆ ಹತ್ತು. ಆದರೆ ಸಭಾಂಗಣಕ್ಕೆ ಕಿಟಕಿಯೇ ಇರಲಿಲ್ಲ, ಸೂರ್ಯ ಎಲ್ಲಿದ್ದಾನೆಂದು ಅಕ್ಕೋರಿಗೆ ತಿಳಿದಿರಲಿಕ್ಕಿಲ್ಲ ಎಂದುಕೊಂಡೆ. ಬಿರಡೆ ಸಡಿಲಿಸಿ ಮೊದಲ ತಂತಿಯನ್ನು ಮಧ್ಯಮಕ್ಕೆ ಇಳಿಸಿದೆ. ಧ್ವನಿವರ್ಧಕ ನೋಡಿಕೊಳ್ಳುತ್ತಿದ್ದ ಖಾದರ್ ರಾಯಚೂರ ಕಡೆಯವನು. ಅವನಿಗೆ ಡಬ್ಬಿಯನ್ನೂ ಮಧ್ಯಮಕ್ಕೆ ತಿರುವಲು ಪಿಸುಮಾತಿನಲ್ಲಿ ಹೇಳಿದೆ; ಅಕ್ಕೋರ ಲಕ್ಷ್ಯವೆಲ್ಲ ಹೊರಗಿನ ನಿರೂಪಕರ ಮಾತಿನ ಮೇಲಿತ್ತು.

"ಚಾಚಾ, ಕಾರ್ಡಿನಾಗ ತೋಡಿ ಅಂತ ಛಾಪ ಆಗೈತ್ರಿ. ಪಂಚಮನ ಇರಲಿ."

"ಕಾರ್ಡು ಛಾಪಖಾನಿಯವರು ಹೇಳಿದ್ದು. ನನಗ ಅಕ್ಕೋರು ಹೇಳ್ಯಾರ."

"ಅವರು ಏನೂ ಮಾತಾಡೇ ಇಲ್ಲಲ್ರೀ! ನಾ ಇಲ್ಲೇ ನಿಂತೀನಿ."

"ನಿನಗ ಕೇಳಂಗಿಲ್ಲ, ತಿರುವು."

ಅವನು ತಿರುವಿದ. ನಾನು ತಂತಿ ಇಳಿಸಿದ ಮೇಲೆ ಆ ವೇದಿಕೆಯಲ್ಲಿ ಸರಿಯಾದ ಶ್ರುತಿಯಲ್ಲಿ ಉಳಿದಿದ್ದದ್ದು ಆ ಡಬ್ಬಿ ಒಂದೇ. ಅದನ್ನೂ ದಾರಿ ತಪ್ಪಿಸಿದವನು ನಾನು. ಡಬ್ಬಿಯ ವಿರುದ್ಧ ಇಷ್ಟು ವರ್ಷ ಮಾತಾಡಿದ್ದೇನೆ, ಆದ್ದರಿಂದ ಇದನ್ನು ಬರೆದಿಡುವುದು ನ್ಯಾಯ.

ಪರದೆ ಸರಿಯಿತು. ಚಪ್ಪಾಳೆಯಲ್ಲಿ ತಂಬೂರಿ ಕೇಳಲಿಲ್ಲ. ಚಪ್ಪಾಳೆ ನಿಂತಿತು, ಅಕ್ಕೋರು ಕಣ್ಣು ಮುಚ್ಚಿ ಷಡ್ಜ ಹಿಡಿದರು. ತೋಡಿಯ ಮಧ್ಯಮ ಬೇರೆ, ನಾನು ಇಟ್ಟ ಮಧ್ಯಮ ಬೇರೆ. ಇದರ ಮೇಲೆ ಅದನ್ನು ಹಾಡುವುದೆಂದರೆ ಕುದಿಯುವ ಹಾಲಿಗೆ ನಿಂಬೆಹಣ್ಣು ಹಿಂಡಿದ ಹಾಗೆ. ಅಕ್ಕೋರು ಎರಡನೆಯ ಸ್ವರಕ್ಕೆ ಕಾಲಿಡುವ ಮೊದಲೇ ನಿಲ್ಲಿಸಿದರು. ತುಂಬಿದ ಸಭೆಯಲ್ಲಿ, ಮೈಕಿನ ಎದುರಿಗೇ, ಹಿಂದಕ್ಕೆ ತಿರುಗಿ ಹೇಳಿದರು:

"ಅಮರಣ್ಣ, ಅದು ಖರೇನ ಕೆಮ್ಮರೀ. ಥಂಡಿ ಹತ್ತೈತಿ ನನಗ."

ಕನ್ನಡ ಬಲ್ಲವರು ನಕ್ಕರು. ಬಾರದವರಿಗೆ ಅವರು ಅರ್ಥ ಹೇಳಿದರು, ಆಮೇಲೆ ಅವರೂ ನಕ್ಕರು. ಇಪ್ಪತ್ತು ವರ್ಷ ಕಾದ ತೋಡಿ. ಊರಲ್ಲಿ ಭಜನೆಯವರು ಅರ್ಧಕ್ಕೆ ನಿಲ್ಲಿಸುತ್ತಿದ್ದರು, ಇಲ್ಲಿ ನಾನು ಆರಂಭಕ್ಕೇ ನಿಲ್ಲಿಸಿದ್ದೆ. ನನ್ನ ಕಿವಿ, ಫೋಟೋಗಳಲ್ಲಿ ಕಾಣುವ ಅದೇ ಕಿವಿ, ಕೆಂಡದಂತೆ ಕಾದಿತ್ತು.

ಖಾದರ್ ಬದಿಯಿಂದ ಡಬ್ಬಿ ತೋರಿಸಿ, ಇದನ್ನಷ್ಟು ಸರಿ ಮಾಡಿ ಜೋರು ಮಾಡಲೇ ಎಂದು ಕೈಸನ್ನೆ ಮಾಡಿದ. ಅದು ಸುಲಭದ ದಾರಿ. ನನ್ನ ತಂಬೂರಿಯನ್ನು ಮಡಿಲಲ್ಲಿ ಮಲಗಿಸಿ ಸುಮ್ಮನೆ ಕೂರಬಹುದಾಗಿತ್ತು. ನಾನು ಡಬ್ಬಿ ಬಂದ್ ಮಾಡೆಂದು ಸನ್ನೆ ಮಾಡಿದೆ. ಅವನು ಬಂದ್ ಮಾಡಿದ. ಮೈಕು ನನ್ನ ತಂಬೂರಿಯ ಮುಂದೆ ತೆರೆದೇ ಇತ್ತು.

ಇಳಿಸಿದ ತಂತಿಯನ್ನು ಏರಿಸುವುದು ಇಳಿಸಿದಷ್ಟು ಹಗುರಲ್ಲ. ಅವಸರ ಮಾಡಿದರೆ ಹರಿಯುತ್ತದೆ, ಆ ಚಳಿಯಲ್ಲಿ ಇನ್ನೂ ಬೇಗ. ಬಿರಡೆ ತಿರುವಿದೆ. ಅದು ಕಿರ್ರೆಂದದ್ದು ಸಭಾಂಗಣದ ಹಿಂದಿನ ಗೋಡೆಗೆ ಹೋಗಿ ಬಡಿದು ಬಂತು. ನಗು ನಿಂತಿತು. ಪಂಚಮಕ್ಕಿಂತ ಒಂದಿಷ್ಟು ಕೆಳಗೆ ಬಿರಡೆಯನ್ನು ಬಿಟ್ಟು, ಸ್ವರವನ್ನು ಕೂದಲೆಳೆಯಷ್ಟೇ ಏರಿಸುವ ತಂತಿಯ ಮಣಿಯನ್ನು ಉಗುರಿನಿಂದ ಸರಿಸಿದೆ. ಸ್ವರ ಸೇರಿತು, ಆದರೆ ನಾದ ತೆರೆಯಲಿಲ್ಲ. ಎಳೆದಾಟದಲ್ಲಿ ಜೀವಾಳ ಜಾರಿತ್ತು. ಬೆರಳಿಗೆ ಉಗುಳು ಹಚ್ಚಿ ನೂಲನ್ನು ಸರಿಸಿದೆ. ಇಲ್ಲ. ಇನ್ನೊಂದಿಷ್ಟು. ಇಲ್ಲ. ಮೂವತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು, ನೋಡಬಾರದ ದಿನವೇ.

ನೂಲು ಕುಳಿತಿತು. ನಾಲ್ಕೂ ತಂತಿ ಮೀಟಿದೆ. ಪಂಚಮ ಅರಳಿತು, ಜೋಡಿ ಷಡ್ಜಗಳು ಒಂದರೊಳಗೊಂದು ಕರಗಿದವು, ಕೆಳಗಿನ ದಪ್ಪ ತಂತಿಯೊಳಗಿಂದ ಯಾರೂ ಮೀಟದ ಗಾಂಧಾರ ತಾನಾಗಿ ಎದ್ದು ಸಭಾಂಗಣದ ತುಂಬ ನಿಂತಿತು. ಮುಂದಿನ ಸಾಲಿನಲ್ಲಿ ಶೇರ್ವಾನಿ ತೊಟ್ಟ ವೃದ್ಧರೊಬ್ಬರು, "ವಾಹ್!" ಎಂದರು. ಅವರ ಹಿಂದಿನವರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ.

ಅದು ನನ್ನ ಜೀವನದ ಏಕೈಕ ತನಿ ಕಛೇರಿ. ಅವಧಿ ಸುಮಾರು ಮೂರು ನಿಮಿಷ. ನುಡಿಸಿದ್ದು ಒಂದು ಪಂಚಮ. ಕಾರಣ, ನನ್ನದೇ ತಪ್ಪು.

ಅಕ್ಕೋರು ಮತ್ತೆ ಷಡ್ಜ ಹಿಡಿದರು. ಈ ಸಲ ಹಿಡಿದ ಸ್ವರವನ್ನು ಬಿಡಲು ಅವರಿಗೆ ಅವಸರವೇ ಇರಲಿಲ್ಲ. ತೋಡಿ ಮೆಲ್ಲಗೆ ಒಂದೊಂದೇ ಮೆಟ್ಟಿಲು ಹತ್ತಿತು. ನಾನು ಅಕ್ಕೋರ ಮನೆಯ ಪಡಸಾಲೆಯಲ್ಲಿ ನೂರು ಸಲ ಕೇಳಿದ ರಾಗ, ಜನರ ಮುಂದೆ ಅರ್ಧ ದಾಟಿದರೆ ಅದು ಹೀಗೂ ಹೋಗುತ್ತದೆ ಎಂದು ಗೊತ್ತಿರಲಿಲ್ಲ. ಒಂದು ಗಂಟೆ ಯಾರೂ ಏನೂ ಕೇಳಲಿಲ್ಲ. ಮುಗಿದ ಮೇಲೆ ಅಕ್ಕೋರು ಕೈ ಮುಗಿಯಲು ಮರೆತು ಕುಳಿತಿದ್ದರು. ತಬಲಾದವನು ಮೊಣಕೈಯಿಂದ ತಿವಿದು ನೆನಪಿಸಿದ.

ಒಳಗೆ ಹೋಗಿ ಅವರ ಎದುರು ನಿಂತೆ. "ತಪ್ಪಾತ್ರಿ ಅಕ್ಕೋರ. ನಾ ಒಂದು ಮಾತು ಕೇಳಬೇಕಿತ್ತು."

"ಕುಂದ್ರರೀ ಮೊದಲ" ಎಂದರು. ಚಹಾದ ಕಪ್ಪು ಎರಡೂ ಕೈಯಿಂದ ಹಿಡಿದಿದ್ದರು. "ಪರದೆ ತಗದಾಗ ಏನಾತು ಗೊತ್ತೇನ್ರಿ? ತೋಡಿ ಪೂರಾ ಮರತು ಹೋಗಿತ್ತು. ಷಡ್ಜ ಹಿಡದೆ, ಮುಂದಿನ ಸ್ವರ ಎಲ್ಲೈತಿ ಅನ್ನೋದ ತಿಳೀಲಿಲ್ಲ. ನೀವು ಶ್ರುತಿ ಮಾಡಾಕತ್ತಿದ್ರಲ್ಲ, ಅದನ್ನ ಕೇಳಿಕೋತ ಕುಂತೆ. ಕೇಳಿಕೋತ ಕುಂತಾಗ ಒಂದೊಂದ ಬಂತು."

"ಹಂಗಂದ್ರ ನಾ ಮಾಡಿದ್ದು ಚಲೋ ಆತೇನ್ರಿ?"

"ಚಲೋ ಆಗಿಲ್ಲ. ಮಂದಿ ನಕ್ಕರು. ಆದರ ಹಾಡು ಆತು" ಎಂದರು ಅಕ್ಕೋರು. ಅವರು ಶಾಲೆಯಲ್ಲಿ ಕಲಿಸಿದವರು, ಅಂಕ ಕೊಡುವಾಗ ಕೈ ಬಿಗಿ.

ಉಳಿದ ಮೂರು ದಿನ ಒಂದು ವಿಚಿತ್ರ ನಡೆಯಿತು. ಹಾಡಲು ಬಂದವರು, ಶ್ರುತಿಯನ್ನು ಒಳಗೆ ಬೇಡ, ಪರದೆ ತೆಗೆದ ಮೇಲೆ ಜನರ ಮುಂದೆಯೇ ಮಾಡಿರಿ ಎಂದರು. ನಾನು ಮಾಡಿದೆ. ತಪ್ಪದೆ, ಪ್ರತಿಯೊಬ್ಬರನ್ನೂ ಬಾಯಿ ಬಿಟ್ಟು ಕೇಳಿ: ಪಂಚಮವೋ, ಮಧ್ಯಮವೋ? ಹೊಸಬರು ಈ ಬರಹದಿಂದ ಒಂದೇ ವಿದ್ಯೆ ಕಲಿಯುವುದಾದರೆ ಇದನ್ನು ಕಲಿಯಲಿ. ಪತ್ರಿಕೆಯಲ್ಲಿ ಆ ವಾರದ ವರದಿ ಬಂತು. ಗಾಯಕರು, ತಬಲಾ, ಹಾರ್ಮೋನಿಯಂ ಎಲ್ಲರ ಹೆಸರಿತ್ತು. ನನ್ನದು ಇರಲಿಲ್ಲ. ಅದು ಪದ್ಧತಿ, ಪದ್ಧತಿಯನ್ನು ನಾನು ಗೌರವಿಸುತ್ತೇನೆ.

ಊರಿಗೆ ಬಂದ ತಿಂಗಳಿಗೆ ಸಂತೆಕಲ್ಲೂರಿನಲ್ಲಿ ಬೆಳಗಿನ ಕಾರ್ಯಕ್ರಮ. ಅದೇ ಜನ, ಅದೇ ಮುಂದಿನ ಸಾಲು. ನಾನು ಅಕ್ಕೋರ ಹತ್ತಿರ ಬಗ್ಗಿ, "ಏನು ಇಡಲ್ರೀ?" ಎಂದು ಕೇಳಿದೆ. ಅವರು ಮೈಕು ಹತ್ತಿರ ಎಳೆದುಕೊಂಡು ಜನರಿಗೇ ಹೇಳಿದರು:

"ಇವತ್ತ ತೋಡಿ ಹಾಡ್ತೀನಿ. ಪೂರಾ ಒಂದು ತಾಸು. ನಡಕ ಭಜನಿ ಹಾಡಂಗಿಲ್ಲ. ಯಾರಿಗೆ ಬ್ಯಾಡ ಅವರು ಈಗ ಎದ್ದು ಹೋಗ್ರಿ, ನಾ ತಪ್ಪು ತಿಳಿಯಂಗಿಲ್ಲ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಪಂಚಮ ಇಟ್ಟು ಮೀಟತೊಡಗಿದೆ. ಮುಂದಿನ ಸಾಲಿನಿಂದ ದೊಡ್ಡ ರುಮಾಲಿನ ರೈತನೊಬ್ಬ ಎದ್ದ. ಅಕ್ಕೋರ ಬೆನ್ನು ಬಿಗಿಯಾದದ್ದು ನನಗೆ ಹಿಂದಿನಿಂದ ಕಂಡಿತು. ಅವರ ಬೆನ್ನನ್ನು ನನ್ನಷ್ಟು ಓದಿದವರು ಇನ್ನೊಬ್ಬರಿಲ್ಲ. ಅವನು ಹಿಂದಕ್ಕೆ ನೋಡಿ, ತನ್ನ ಬೆನ್ನಿಗೆ ಕುಳಿತಿದ್ದ ಹೆಣ್ಣುಮಕ್ಕಳಿಗೆ ಕಾಣಲೆಂದು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು, ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕುಳಿತ.